ಉಪ್ಪಾಗೆ ಹುಳಿ, ನಾಲ್ಕನೇ ಸುತ್ತು: ಕೊನೆಗೂ ಒಂದೇ ಚುಕ್ಕಿ

ಪಶ್ಚಿಮ ಘಟ್ಟದ ಉಪ್ಪಾಗೆ ಹಣ್ಣಿನ ಸಿಪ್ಪೆಯಿಂದ ಅದರ ಹುಳಿ ಆಮ್ಲವನ್ನು ಮನೆಯಲ್ಲೇ ಬೇರ್ಪಡಿಸುವ ನನ್ನ ನಾಲ್ಕನೇ ಪ್ರಯತ್ನವಿದು. ನಿನ್ನೆ ರಾತ್ರಿ ಹನ್ನೊಂದಕ್ಕೆ, ದ್ರಾವಣದ ಒಂದೊಂದು ಅಂಶವನ್ನೂ ಬೇರೆ ಚುಕ್ಕಿಯಾಗಿ ತೋರಿಸುವ ಕ್ರೊಮ್ಯಾಟೊಗ್ರಫಿ ಕಾಗದದ ಮೇಲೆ ಒಂದೇ ಒಂದು ಹಳದಿ ಚುಕ್ಕಿ ಮೂಡಿತು. ಮೂರು ತಿಂಗಳು ಎರಡೆರಡು ಚುಕ್ಕಿ ನೋಡಿ ಬೇಸತ್ತಿದ್ದವನಿಗೆ ಬಸವನಗುಡಿಯ ಇಡೀ ಬೀದಿಯನ್ನು ಎಬ್ಬಿಸಿ ತೋರಿಸೋಣ ಎನ್ನಿಸಿತು.

ಸಿಪ್ಪೆ ನೆನೆಸಿ ಕುದಿಸಿ ರಸ ತೆಗೆಯುವ ಕೆಲಸದ ವಿವರ ಬಿಡುತ್ತೇನೆ. ಬೇಕಾಗಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಉಪ್ಪಾಗೆಯ ಮುಖ್ಯ ಹುಳಿ ಇದೇ ಎಂದು 1965ರಲ್ಲಿ ತೋರಿಸಿದವರು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. ದೇಹ ಸಿಟ್ರೇಟನ್ನು ಸೀಳಿ ಕೊಬ್ಬಿನ ಕಚ್ಚಾವಸ್ತು ಮಾಡಿಕೊಳ್ಳುತ್ತದಲ್ಲ, ಆ ಸೀಳುವ ಕಿಣ್ವವನ್ನು ಇದು ತಡೆಯುತ್ತದೆ. ಅದೇ ಹಣ್ಣಿನ ಬೀಜದಿಂದ ಉತ್ತರ ಕನ್ನಡದ ಮನೆಗಳಲ್ಲಿ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಸಿಪ್ಪೆಯಲ್ಲಿ ಕೊಬ್ಬಿಗೆ ತಡೆ, ಬೀಜದಲ್ಲಿ ಕೊಬ್ಬು: ನಾನು ಈ ಮರಕ್ಕೆ ಮನಸೋತದ್ದು ಇದಕ್ಕೇ.

ತೊಂದರೆ ಏನೆಂದರೆ, ರಸವನ್ನು ಕಾಯಿಸಿ ಗಟ್ಟಿ ಮಾಡಿದಷ್ಟೂ ಆಮ್ಲ ತನ್ನೊಳಗೇ ಸುತ್ತಿಕೊಂಡು ಲ್ಯಾಕ್ಟೋನ್ ಎಂಬ ಉಂಗುರದ ರೂಪ ತಾಳುತ್ತದೆ. ಕಾಗದದ ಮೇಲೆ ಕಾಡುತ್ತಿದ್ದ ಎರಡನೇ ಚುಕ್ಕಿ ಅದೇ. ಹಾಗಾಗಿ ಕಾಯಿಸಿ ಗಟ್ಟಿ ಮಾಡುವ ಮೊದಲೇ ಸುಣ್ಣ ಹಾಕಿ ಆಮ್ಲವನ್ನು ಕ್ಯಾಲ್ಸಿಯಂ ಲವಣವಾಗಿ ತಳಕ್ಕೆ ಇಳಿಸಬೇಕೆಂದು ಹೊರಟೆ. ಎಲೆ ಅಡಿಕೆಯ ಸುಣ್ಣವನ್ನೇ ನೀರಿನಲ್ಲಿ ಕದಡಿ ಸುರಿದೆ. ಪಾತ್ರೆಯಲ್ಲಿ ಕಂದು ಬಣ್ಣದ ಮುದ್ದೆ ನಡುಗುತ್ತಾ ಕುಳಿತಿತು. ಅಮ್ಮ ಇಣುಕಿ, ‘ಹಾಲುಬಾಯಿ ಮಾಡಿದೆಯೇನೋ?’ ಎಂದರು. ಸೋಸಲು ಬಳಸುವ ಬುಕ್ನರ್ ಫನೆಲ್‌ನಲ್ಲಿ ಎರಡು ಗಂಟೆಗೆ ಹತ್ತು ಹನಿಯೂ ಇಳಿಯಲಿಲ್ಲ. ಸಿಪ್ಪೆಯಲ್ಲಿ ಪೆಕ್ಟಿನ್, ಅಂದರೆ ಜಾಮನ್ನು ಗಟ್ಟಿ ಮಾಡುವ ಅಂಟು, ಹೇರಳ. ಕ್ಷಾರದಲ್ಲಿ ಅದರ ಮೀಥೈಲ್ ಗುಂಪುಗಳು ಕಳಚಿ, ಕ್ಯಾಲ್ಸಿಯಂ ಎಳೆ ಎಳೆಗಳನ್ನು ಜೋಡಿಸಿ ಹೆಪ್ಪುಗಟ್ಟಿಸುತ್ತದೆ. ಸುಣ್ಣ ಆಮ್ಲವನ್ನು ಕಾಪಾಡುವ ಜೊತೆಗೆ ಪೆಕ್ಟಿನ್ನನ್ನೂ ಜೆಲ್ಲಿ ಮಾಡಿತ್ತು.

ಎರಡನೇ ಸುತ್ತು ಕೆಟ್ಟದ್ದು ಅಂಗಡಿಯವನಿಂದ. ಉಪ್ಪಾಗೆ ಕೇಳಿದರೆ ಉಪ್ಪು ಹಾಕಿ ಒಣಗಿಸಿದ ಮುರುಗಲು (ಕೋಕಂ) ಸಿಪ್ಪೆ ಕಟ್ಟಿಕೊಟ್ಟಿದ್ದ. ತೂಕ ನೋಡಿ ಕುಣಿದಾಡಿದೆ, ಉಪ್ಪನ್ನು ಪತ್ತೆ ಮಾಡುವ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಟ್ಟೊಡನೆ ಬಿಳಿ ಮೊಸರು! ಗ್ರಂಧಿಗೆ ಅಂಗಡಿಗೆ ಹೋಗುವವರು ಸಿಪ್ಪೆಯನ್ನು ತೊಳೆದ ನೀರನ್ನು ಮೊದಲು ಪರೀಕ್ಷಿಸಿ. ಈಗ ಶಿರಸಿಯ ಗೆಳೆಯನೇ ಬಸ್ಸಿನಲ್ಲಿ ಕಳಿಸುತ್ತಾನೆ.

ದಾರಿ ತೋರಿದ್ದು ಐಸೊಪ್ರೊಪೈಲ್ ಆಲ್ಕೊಹಾಲ್. ತಣ್ಣಗಾದ ರಸಕ್ಕೆ ಅದರ ಎರಡು ಪಾಲು ಬೆರೆಸಿದೆ, ತಾರಸಿಯಲ್ಲಿ, ಒಲೆಯ ಸುಳಿವಿಲ್ಲದ ಕಡೆ. ಪೆಕ್ಟಿನ್ ಒದ್ದೆ ಹತ್ತಿಯ ಹಾಗೆ ಎಳೆ ಎಳೆಯಾಗಿ ಮೇಲೆದ್ದಿತು. ಗಾಜಿನ ಕಡ್ಡಿಗೆ ಸುತ್ತಿ ಎತ್ತಿ, ಉಳಿದದ್ದನ್ನು ಮಲ್ಲು ಬಟ್ಟೆಯಲ್ಲಿ ಸೋಸಿದೆ. ಆಮೇಲೆ ಸುಣ್ಣ ಹಾಕಿದರೆ ಮುದ್ದೆಯಿಲ್ಲ. ಮಾಸಲು ಪುಡಿ ಸುಮ್ಮನೆ ತಳ ಸೇರಿತು. ಚೂರು ಪುಡಿಯನ್ನು ತಣ್ಣನೆಯ ಆಮ್ಲದಲ್ಲಿ ಕರಗಿಸಿ ತಕ್ಷಣ ಬ್ಯೂಟನಾಲ್ ಮಿಶ್ರಣದೊಂದಿಗೆ ಕಾಗದದ ಮೇಲೆ ಓಡಿಸಿದೆ. ಆ ಮಿಶ್ರಣದಲ್ಲಿರುವ ಅಸಿಟಿಕ್ ಆಮ್ಲದ ವಾಸನೆ ಪೂರ್ತಿ ಹೋಗುವವರೆಗೆ ಕಾಗದ ಒಣಗಬೇಕು, ಇಲ್ಲದಿದ್ದರೆ ಆಮ್ಲ ಇರುವಲ್ಲಿ ಹಳದಿಯಾಗುವ ಬ್ರೊಮೊಕ್ರೆಸಾಲ್ ಗ್ರೀನ್ ಬಣ್ಣ ಚಿಮುಕಿಸಿದಾಗ ಇಡೀ ಕಾಗದವೇ ಹಳದಿಯಾಗುತ್ತದೆ. ಮಳೆಗಾಲದ ಬೆಂಗಳೂರಿನಲ್ಲಿ ಅದಕ್ಕೆ ಇಡೀ ಸಂಜೆ ಹಿಡಿಯಿತು.

ನೂರು ಗ್ರಾಂ ಸಿಪ್ಪೆಗೆ ಹನ್ನೊಂದು ಗ್ರಾಂ ಪುಡಿ. ಶುದ್ಧವೆಂದು ಹೇಳಲಾರೆ, ತಿನ್ನುವುದಕ್ಕಂತೂ ಅಲ್ಲ. 1998ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 135 ಜನರಲ್ಲಿ ಅರ್ಧದಷ್ಟು ಮಂದಿಗೆ ಈ ಆಮ್ಲವನ್ನು ದಿನಕ್ಕೆ 1500 ಮಿಲಿಗ್ರಾಂನಂತೆ ಹನ್ನೆರಡು ವಾರ ಕೊಟ್ಟರೂ ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚು ತೂಕ ಇಳಿಯಲಿಲ್ಲ. ಇದನ್ನು ಒಳಗೊಂಡ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಆದರೂ ತೂಕ ಇಳಿಸುವ ಡಬ್ಬಿಗಳ ಮೇಲೆ ಇದೇ ಹಣ್ಣಿನ ಚಿತ್ರ. ನೋಡಿದಾಗಲೆಲ್ಲ ಸಿಟ್ಟು ಬರುತ್ತದೆ. ಅದೇ ಕಿಣ್ವವನ್ನು ತಡೆಯುವ ಬೆಂಪೆಡೊಯಿಕ್ ಆಮ್ಲ ಮಾತ್ರ 2020ರಲ್ಲಿ ಅಮೆರಿಕದಲ್ಲಿ ಕೊಲೆಸ್ಟರಾಲ್ ಔಷಧಿಯಾಗಿ ಒಪ್ಪಿಗೆ ಪಡೆಯಿತು. ಕಿಣ್ವದ ಆಯ್ಕೆ ಸರಿಯಿತ್ತು, ಅಣು ಬೇರೆ ಬೇಕಿತ್ತು.

ನಡುವೆ ತಾರಸಿಯ ಕುಂಡದಲ್ಲಿ ಮಧುನಾಶಿನಿ ಹಬ್ಬಿದೆ. ಎಲೆ ಅಗಿದು ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗೆ! ಹೀಗೆ ಸಿಹಿಯನ್ನು ಮರೆಸುವ ಜಿಮ್ನೆಮಿಕ್ ಆಮ್ಲಗಳನ್ನು ಎಲೆಯಿಂದ ಬೇರ್ಪಡಿಸುವ ಆಸೆ ಈಗಲೇ ಹುಟ್ಟಿದೆ. ಅದಕ್ಕೆ ಮೊದಲು ಈ ಪುಡಿಯ ಕ್ಯಾಲ್ಸಿಯಂ ಪ್ರಮಾಣ ಅಳೆಯಬೇಕು. ಭಾನುವಾರ ಅದಕ್ಕೆ ಬೇಕಾದ ಬ್ಯುರೆಟ್, ಅಂದರೆ ಹನಿ ಹನಿಯಾಗಿ ಅಳೆಯುವ ಕೊಳವೆ, ತೊಳೆದಿಡುತ್ತೇನೆ.