ಕುದುರೆಮುಖದಲ್ಲಿ ಹುಲಿ ಕಾಣಿಸ್ತಾ?

ಕುದುರೆಮುಖಕ್ಕೆ ಹೋಗಿ ಬಂದೆ ಅಂದರೆ ಸಾಕು, ಎಲ್ಲರ ಮೊದಲ ಪ್ರಶ್ನೆ ಇದೇ. ಇಲ್ಲ, ಕಾಣಿಸಲಿಲ್ಲ. ನಾಲ್ಕು ಸಲ ಹೋಗಿದ್ದೇನೆ, ನಾಲ್ಕು ಸಲವೂ ಇಲ್ಲ. ಹುಲಿಯನ್ನೇ ನೋಡಬೇಕು ಅನ್ನುವವರು ಕಬಿನಿಗೆ ಹೋಗಿ ಜೀಪು ಹತ್ತುವುದು ವಾಸಿ.

ಹಾಗಂತ ಹುಲಿ ಇಲ್ಲವೆಂದಲ್ಲ. ಕಳಸದ ಹತ್ತಿರದ ಸಂಸೆಯಿಂದ ಮುಳ್ಳೋಡಿಗೆ ಹೋಗಿ, ಬೆಳಿಗ್ಗೆ ಬೇಗ ಗೈಡ್ ಜತೆ ಶಿಖರದ ಕಡೆ ಹೊರಟಿದ್ದೆವು. ಹೋಗಿ ಬರಲು ಹತ್ತಿರಹತ್ತಿರ 20 ಕಿ.ಮೀ. ನಡಿಗೆ. ಒಂಟಿ ಮರ ದಾಟಿದ ಮೇಲೆ ಗೈಡ್ ನಿಂತು, ಕಾಲುದಾರಿಯ ನಟ್ಟನಡುವೆ ಬಿದ್ದಿದ್ದ ಬೂದು ಬಣ್ಣದ ಹಿಕ್ಕೆಯನ್ನು ಕೋಲಿನಿಂದ ಬಿಡಿಸಿದರು. ಒಳಗೆ ಬರೀ ಒರಟು ಕೂದಲು, ಒಂದು ಚೂರು ಗೊರಸು. ‘ಕಡವೆ ತಿಂದಿದೆ ಸಾರ್. ಹಳೇದು, ಮಳೆಗೆ ತೊಳ್ದು ಹೋಗಿದೆ’ ಅಂದರು. ನನ್ನ ಪಾಲಿನ ಹುಲಿ ಅಷ್ಟೇ. ಅದನ್ನು ಬಗ್ಗಿ ನೋಡುವಷ್ಟರಲ್ಲಿ ಮೂರು ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಸಾಕ್ಸ್ ಒಳಗೆ ಸೇರಿಕೊಂಡಿದ್ದವು. (ಅವನ್ನು ಬಿಡಿಸುವ ಉಪ್ಪಿನ ಪೊಟ್ಟಣ ಬ್ಯಾಗಿನ ತಳದಲ್ಲಿ ಇಡಬೇಡಿ, ಜೇಬಿನಲ್ಲಿರಲಿ.)

ಇಲ್ಲಿ ನೋಡಬೇಕಾದದ್ದು ಗುಡ್ಡದ ಮೈಯನ್ನು. ನೆತ್ತಿಯ ಮೇಲೆಲ್ಲ ಗಾಳಿ ಸವರಿದ ಬೋಳು ಹುಲ್ಲು; ಎರಡು ಗುಡ್ಡ ಸೇರುವ ಮಡಿಕೆಯಲ್ಲಿ, ಮಣ್ಣೂ ನೀರೂ ನಿಲ್ಲುವ ಕಡೆ ಮಾತ್ರ, ಕತ್ತಲೆ ಕವಿದ ಶೋಲಾ ಕಾಡು. ಹುಲ್ಲಿನಿಂದ ಹತ್ತು ಹೆಜ್ಜೆ ಒಳಗಿಟ್ಟರೆ ಬೆವರು ಆರುತ್ತದೆ, ಎಲ್ಲೋ ನೀರಿನ ಸದ್ದು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಇಂಥ ಜಾಗದಲ್ಲಿ ಕಬ್ಬಿಣದ ಅದಿರಿನ ಗಣಿ ಇತ್ತು ಅನ್ನುವುದನ್ನು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ ಅದು ನಿಂತದ್ದು 2005ರ ಕೊನೆಗೆ. ಅಂದರೆ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿ 18 ವರ್ಷ ಕಳೆದ ಮೇಲೆ!

1987ರ ಆ ಘೋಷಣೆಗೆ ಆಧಾರವಾದದ್ದು ಹುಲಿಯಲ್ಲ, ಸಿಂಗಳೀಕ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಆ ಮಂಗಗಳ ನೆಲೆ ಹುಡುಕಿ ಸಮೀಕ್ಷೆ ಮಾಡಿದ್ದರ ಫಲ ಅದು. ಹಾಗಾಗಿ ‘ಏನು ಕಾಣಿಸಿತು’ ಅಂತ ಕೇಳುವವರಿಗೆ ನಾನು ಹೇಳುವುದು ಸಿಂಗಳೀಕದ ಸುದ್ದಿ. ಒಮ್ಮೆ ಮಳೆಗಾಲಕ್ಕೆ ಮುಂಚೆ, ಕಾರ್ಕಳದ ಕಡೆ ಇಳಿಯುವ ರಸ್ತೆಯ ಒಂದು ತಿರುವಿನಲ್ಲಿ ಹೆಬ್ಬಲಸಿನ ಸಿಪ್ಪೆ ತಪ್‌ತಪ್ ಅಂತ ಉದುರುತ್ತಿತ್ತು. ಮೇಲೆ ನೋಡಿದರೆ ಎಲೆ ಬಿಟ್ಟು ಏನೂ ಇಲ್ಲ. ಮುಕ್ಕಾಲು ಗಂಟೆ ಕತ್ತು ನೋಯಿಸಿಕೊಂಡು ನಿಂತೆ. ಕೊನೆಗೆ ಒಂದು ಕೊಂಬೆ ಬಾಗಿ, ಬೂದು ಕೇಸರದ ನಡುವಿನ ಕಪ್ಪು ಮುಖವೊಂದು ಕೆಳಗೆ ಇಣುಕಿತು. ಕೈಯಲ್ಲಿ ಅರ್ಧ ತಿಂದ ಹಣ್ಣು. ನನ್ನನ್ನು ನೋಡಿ, ಏನೂ ವಿಶೇಷವಿಲ್ಲವೆಂದು ತೀರ್ಮಾನಿಸಿದಂತೆ, ತಿನ್ನುವುದನ್ನು ಮುಂದುವರಿಸಿತು.