ಹೊಸದರಲ್ಲಿ ಹೀಗೇ ಅಲ್ವಾ ಸಿಸ್ಟರ್?

"ಮಗಳು ದೊಡ್ಡವಳಾಗಿ ಇನ್ನೂ ಒಂದು ವರ್ಷ ಆಗಿದೆ ಅಷ್ಟೆ. ಈ ಸಲ ಹನ್ನೆರಡು ದಿನ ಆದರೂ ನಿಂತಿಲ್ಲ. ಹೊಸದರಲ್ಲಿ ಹೀಗೇ ಅಲ್ವಾ ಸಿಸ್ಟರ್?"

ನಾನು ತೀರ್ಥಹಳ್ಳಿ ಕಡೆಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಈ ಪ್ರಶ್ನೆ ನನಗೆ ಆಸ್ಪತ್ರೆಯಲ್ಲಿ ಬರುವುದಕ್ಕಿಂತ ಜಾಸ್ತಿ ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ, ರಾತ್ರಿ ಎಲ್ಲರೂ ಮಲಗಿದ ಮೇಲೆ ವಾಟ್ಸಾಪ್‌ನಲ್ಲಿ ಬರುತ್ತದೆ. ಕೇಳುವವರು ಅಮ್ಮಂದಿರು, ಚಿಕ್ಕಮ್ಮಂದಿರು, ಒಮ್ಮೊಮ್ಮೆ ಹಾಸ್ಟೆಲ್ ವಾರ್ಡನ್. ಎಲ್ಲರಿಗೂ ಬೇಕಾಗಿರುವುದು "ಹೌದು, ಏನಾಗಲ್ಲ" ಅನ್ನುವ ಒಂದು ಮಾತು. ಅರ್ಧ ವಿಷಯಕ್ಕೆ ಆ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಇನ್ನರ್ಧಕ್ಕೆ ಹೇಳುವುದಿಲ್ಲ.

ಹೇಳಬಹುದಾದದ್ದು ತಾರೀಕಿನ ವಿಷಯ. ಮೊದಲ ಎರಡು ಮೂರು ವರ್ಷ ಮುಟ್ಟು ಹೇಳಿದ ದಿನಕ್ಕೆ ಬರುವುದಿಲ್ಲ. ಒಂದು ತಿಂಗಳು 24 ದಿನಕ್ಕೆ ಬರಬಹುದು, ಮುಂದಿನ ಸಲ 42 ದಿನಕ್ಕೆ. ಈ ವಯಸ್ಸಿನಲ್ಲಿ 21ರಿಂದ 45 ದಿನಗಳ ಒಳಗೆ ಬಂದರೆ ತೊಂದರೆ ಇಲ್ಲ. ಬರಬರುತ್ತಾ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. 90 ದಿನ ದಾಟಿಯೂ ಬರದಿದ್ದರೆ ಮಾತ್ರ ಒಮ್ಮೆ ತೋರಿಸಿ.

ಹೇಳಲಾಗದ್ದು ಎಷ್ಟು ಹೋಗುತ್ತದೆ, ಎಷ್ಟು ದಿನ ಹೋಗುತ್ತದೆ ಅನ್ನುವುದು. ಹೊಸದಿರಲಿ ಹಳೆಯದಿರಲಿ, 7 ದಿನ ದಾಟಿದ ಮುಟ್ಟು ಜಾಸ್ತಿಯೇ. ತಾರೀಕು ಹೆಚ್ಚುಕಡಿಮೆ ಆದರೆ ಕಾಯಬಹುದು, ರಕ್ತ ಹೆಚ್ಚುಕಡಿಮೆ ಆದರೆ ಕಾಯಬಾರದು. ನನ್ನ ಪೂರ್ತಿ ಉತ್ತರ ಇಷ್ಟೇ. ಉಳಿದದ್ದು ಇದರ ವಿವರ.

ಜಾಸ್ತಿ ಅಂತ ಗೊತ್ತಾಗುವುದು ಹೇಗೆ? ಪುಸ್ತಕದ ಪ್ರಕಾರ ಒಂದು ಮುಟ್ಟಿಗೆ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿ, 80 ಮಿಲಿ ದಾಟಿದರೆ ಜಾಸ್ತಿ. ಮನೆಯಲ್ಲಿ ಯಾರು ಅಳೆಯುತ್ತಾರೆ ಹೇಳಿ. ಹಾಗಾಗಿ ಡಾಕ್ಟರು "ದಿನಕ್ಕೆ ಎಷ್ಟು ಪ್ಯಾಡ್?" ಎಂದು ಕೇಳುತ್ತಾರೆ, ಹುಡುಗಿ ತಲೆ ತಗ್ಗಿಸಿ "ಎರಡು" ಅನ್ನುತ್ತಾಳೆ, ಎರಡೇ ಅಲ್ವಾ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಆ ಎರಡರ ಹಿಂದೆ ಏನಿದೆ ಎಂದು ಕೇಳಬೇಕು. ಬೆಳಿಗ್ಗೆ ಏಳರ ಬಸ್ಸಿಗೆ ಮನೆ ಬಿಟ್ಟು ಸಂಜೆ ಆರಕ್ಕೆ ವಾಪಸ್ ಬರುವ ಹುಡುಗಿ, ಶಾಲೆಯ ಶೌಚಾಲಯದಲ್ಲಿ ನೀರಿಲ್ಲ ಅಥವಾ ಬಾಗಿಲಿಗೆ ಚಿಲಕ ಇಲ್ಲ ಅಂತ ಇಡೀ ದಿನ ಒಂದೇ ಪ್ಯಾಡಿನಲ್ಲಿ ಇರುತ್ತಾಳೆ. ಬಟ್ಟೆ ಬಳಸುವ ಮನೆಯಲ್ಲಂತೂ ಲೆಕ್ಕವೇ ಇಲ್ಲ. ಅದಕ್ಕೆ ನಾನು ಬೇರೆ ಥರ ಕೇಳುತ್ತೇನೆ. ರಾತ್ರಿ ಬದಲಾಯಿಸಲು ಏಳಬೇಕಾಗುತ್ತದಾ? ಹಾಸಿಗೆಗೆ ಕಲೆ ಆಗುತ್ತದಾ? ಒಂದರ ಮೇಲೊಂದು ಎರಡು ಪ್ಯಾಡ್ ಇಟ್ಟುಕೊಳ್ಳುತ್ತೀಯಾ? ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡ ಗಡ್ಡೆ ಬೀಳುತ್ತದಾ? ಆ ದಿನಗಳಲ್ಲಿ ಶಾಲೆ ತಪ್ಪಿಸುತ್ತೀಯಾ? ಇವುಗಳಲ್ಲಿ ಎರಡಕ್ಕೆ ಹೌದು ಅಂದರೂ ನನ್ನ ಮಟ್ಟಿಗೆ ಅದು ಡಾಕ್ಟರಿಗೆ ತೋರಿಸುವ ಕೇಸ್.

ಒಂದು ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದೆ, ಎರಡು ಗಂಟೆಯಿಂದಲೂ ಹಾಗೇ ಇದೆ ಅಂದರೆ ಬೆಳಗಾಗಲಿ ಎಂದು ಕಾಯಬೇಡಿ. ಎದ್ದು ನಿಂತರೆ ಕಣ್ಣು ಕತ್ತಲೆ ಬರುವುದು, ತಲೆ ಸುತ್ತಿ ಬೀಳುವುದು, ಸುಮ್ಮನೆ ಕೂತಿದ್ದರೂ ಎದೆ ಡವಡವ ಅನ್ನುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ತುಟಿ ಬಿಳುಚಿಕೊಳ್ಳುವುದು, ಇವಕ್ಕೂ ಅಷ್ಟೇ. 108ಕ್ಕೆ ಫೋನ್ ಮಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ರಸ್ತೆ ಬಂದ್ ಆಗುವುದು, ಫೋನ್ ಸಿಗ್ನಲ್ ಹೋಗುವುದು ಎಲ್ಲರಿಗೂ ಗೊತ್ತು. ಒಳಗಿನ ಹಳ್ಳಿಯವರು ಇನ್ನೂ ಸ್ವಲ್ಪ ಬೇಗ ಹೊರಡುವುದು ಒಳ್ಳೆಯದು.

ಹೀಗೆ ಯಾಕಾಗುತ್ತದೆ? ಹೆಚ್ಚಿನ ಹುಡುಗಿಯರಲ್ಲಿ ಕಾರಣ ಸರಳ. ಮೊದಲ ವರ್ಷಗಳಲ್ಲಿ ಪ್ರತಿ ತಿಂಗಳೂ ಅಂಡ ಬಿಡುಗಡೆ ಆಗುವುದಿಲ್ಲ. ಈಸ್ಟ್ರೋಜನ್ ಎಂಬ ಹಾರ್ಮೋನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತಾ ಹೋಗುತ್ತದೆ. ಅಂಡ ಬಿಡುಗಡೆ ಆದರೆ ಮಾತ್ರ ಬರುವ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಆ ಪದರವನ್ನು ಹದದಲ್ಲಿ ಇಟ್ಟು, ಸಮಯ ಬಂದಾಗ ಒಟ್ಟಿಗೆ ಉದುರುವ ಹಾಗೆ ಮಾಡುತ್ತದೆ. ಅದಿಲ್ಲದಿದ್ದರೆ ಪದರ ದಪ್ಪವಾಗುತ್ತಲೇ ಹೋಗಿ, ಮಳೆಗಾಲದಲ್ಲಿ ಧರೆ ಕುಸಿಯುವ ಹಾಗೆ ಇವತ್ತು ಇಲ್ಲೊಂದು ಕಡೆ, ನಾಳೆ ಇನ್ನೊಂದು ಕಡೆ ಕಳಚುತ್ತದೆ. ಅದಕ್ಕೇ ದಿನಗಟ್ಟಲೆ ನಿಲ್ಲುವುದಿಲ್ಲ. ಥೈರಾಯ್ಡ್ ತೊಂದರೆ, ಪಿಸಿಓಡಿ (ಹಾರ್ಮೋನ್ ಏರುಪೇರಿನಿಂದ ಅಂಡಾಶಯಕ್ಕೆ ಆಗುವ ತೊಂದರೆ), ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಡಿಮೆ ಆಗುವುದು ಕೂಡ ಕಾರಣ ಇರಬಹುದು. ಇನ್ನೊಂದು, ಮುಟ್ಟು ಮುಂದೂಡುವ ಮಾತ್ರೆ. ಮನೆಯಲ್ಲಿ ದೇವರ ಕಾರ್ಯ, ಸಾಗರದ ಮಾರಿಜಾತ್ರೆ, ಯಾರದೋ ಗೃಹಪ್ರವೇಶ ಎಂದು ಮೆಡಿಕಲ್ ಶಾಪಿನಿಂದ ತಂದು ಕೊಡುತ್ತಾರೆ. ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟು ಬರುತ್ತದೆ, ಕೆಲವರಿಗೆ ಜೋರಾಗಿಯೇ ಬರುತ್ತದೆ. ಹದಿನಾಲ್ಕರ ಹುಡುಗಿಗೆ ಡಾಕ್ಟರನ್ನು ಕೇಳದೆ ಅದನ್ನು ಕೊಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ದೇವರಿಗೆ ಇದರಲ್ಲಿ ತಕರಾರು ಇದ್ದಂತಿಲ್ಲ, ತಕರಾರು ಎಲ್ಲ ನಮ್ಮದೇ.

ಈಗ ನಾನು ನಿಜವಾಗಿ ಬರೆಯಬೇಕೆಂದಿದ್ದ ವಿಷಯ. ಮಗಳನ್ನು ಕರೆದುಕೊಂಡು ಬಂದ ಅಮ್ಮ ಸಮಾಧಾನಕ್ಕೆ ಒಂದು ಮಾತು ಸೇರಿಸುತ್ತಾರೆ. "ನನಗೂ ಹೀಗೇ ಇತ್ತು, ನಮ್ಮ ಅಮ್ಮನಿಗೂ ಹೀಗೇ, ನಮ್ಮ ಮನೆಯಲ್ಲಿ ಎಲ್ಲರಿಗೂ ಜಾಸ್ತಿಯೇ." ಅವರು ಇದನ್ನು ಹೆದರಬೇಕಾಗಿಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ನನಗೆ ಮಾತ್ರ ಅದನ್ನು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಯಾಕೆಂದರೆ ರಕ್ತ ಹೆಪ್ಪುಗಟ್ಟುವುದರಲ್ಲೇ ಇರುವ ಕೊರತೆ ವಂಶದಲ್ಲಿ ಬರುತ್ತದೆ.

ಅದರಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ವಾನ್ ವಿಲೆಬ್ರಾಂಡ್ ಕಾಯಿಲೆ. ಎರಿಕ್ ವಾನ್ ವಿಲೆಬ್ರಾಂಡ್ ಎಂಬ ಫಿನ್ಲೆಂಡಿನ ಡಾಕ್ಟರು 1926ರಲ್ಲಿ ಆಲಂಡ್ ದ್ವೀಪಗಳ ಒಂದು ಕುಟುಂಬದ ಬಗ್ಗೆ ಬರೆದಾಗ ಇದು ಬೆಳಕಿಗೆ ಬಂತು. ಅವರು ಮೊದಲು ನೋಡಿದ್ದು ಐದು ವರ್ಷದ ಒಬ್ಬ ಹುಡುಗಿಯನ್ನು. ಆ ಮಗು 13ನೇ ವಯಸ್ಸಿಗೆ ತೀರಿಕೊಂಡಿತು, ನಾಲ್ಕನೆಯ ಮುಟ್ಟಿನಲ್ಲಿ, ರಕ್ತ ನಿಲ್ಲದೆ. ಇಂಥ ಕಾಯಿಲೆ ಗಂಡು ಹೆಣ್ಣು ಇಬ್ಬರಿಗೂ ಬರುತ್ತದೆ, ಆದರೆ ಹುಡುಗಿಯರಲ್ಲಿ ಮುಟ್ಟು ಶುರುವಾದಾಗ ಎದ್ದು ಕಾಣುತ್ತದೆ. ಹೆಚ್ಚಿನವರಲ್ಲಿ ಇದು ಸೌಮ್ಯವಾಗಿಯೇ ಇರುತ್ತದೆ, ಹಾಗಾಗಿಯೇ ಅಜ್ಜಿಗೂ ಅಮ್ಮನಿಗೂ ಗೊತ್ತಾಗದೆ ಜೀವನ ಕಳೆದುಹೋಗಿರುತ್ತದೆ.

ಸುಳಿವುಗಳು ಮನೆಯ ಕಥೆಯಲ್ಲೇ ಇರುತ್ತವೆ. ಮೊದಲ ಮುಟ್ಟಿನಿಂದಲೇ ಜಾಸ್ತಿ. ಚಿಕ್ಕಂದಿನಲ್ಲಿ ಮೂಗಿನಿಂದ ರಕ್ತ ಬಂದರೆ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲುತ್ತಿರಲಿಲ್ಲ, ಎಲ್ಲರೂ ಉಷ್ಣ ಎಂದು ಮಜ್ಜಿಗೆ ಕುಡಿಸಿದರು. ಹಲ್ಲು ಕೀಳಿಸಿದ ಮೇಲೆ ರಾತ್ರಿಯಿಡೀ ಬಾಯಲ್ಲಿ ರಕ್ತ. ಎಲ್ಲೂ ಪೆಟ್ಟಾಗದೆ ಮೈಮೇಲೆ ನೀಲಿ ಕಲೆ. ದೊಡ್ಡಮ್ಮನಿಗೆ ಹೆರಿಗೆಯಲ್ಲಿ ರಕ್ತ ಹೋಗಿ ಬಾಟಲಿಗಟ್ಟಲೆ ರಕ್ತ ಕೊಡಿಸಿದ್ದು. ಇಂಥವು ಇದ್ದರೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಇದರ ವಿಶೇಷ ಪರೀಕ್ಷೆ ಎಲ್ಲ ಕಡೆ ಆಗುವುದಿಲ್ಲ, ದೊಡ್ಡ ಲ್ಯಾಬಿಗೆ ಕಳಿಸಬೇಕಾಗುತ್ತದೆ. ಒಂದು ಸಲ ನಾರ್ಮಲ್ ಬಂದರೂ ಮತ್ತೆ ಮಾಡಿಸಲು ಹೇಳಬಹುದು, ಗಾಬರಿ, ಜ್ವರ, ಹಾರ್ಮೋನ್ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟಿಸುವ ಆ ಅಂಶದ ಮಟ್ಟ ಏರಿ ಕಾಣುವುದುಂಟು. ದುಡ್ಡು ಕೀಳಲು ಎರಡು ಸಲ ಬರೆದರು ಎಂದುಕೊಳ್ಳಬೇಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂಬ ಭಯಕ್ಕೇ ಬಹಳ ಜನ ಬರುವುದಿಲ್ಲ. ಮುಖ್ಯವಾಗಿ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್, ಥೈರಾಯ್ಡ್. ಬೇಕಿದ್ದರೆ ಹೊಟ್ಟೆಯ ಮೇಲಿನಿಂದ ಸ್ಕ್ಯಾನಿಂಗ್. ಒಳಗಿನ ಪರೀಕ್ಷೆ ಈ ವಯಸ್ಸಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಗರ್ಭದ ಪರೀಕ್ಷೆಯನ್ನೂ ಬರೆಯಬಹುದು, ಅದು ಎಲ್ಲರಿಗೂ ಮಾಡುವ ಕ್ರಮ, ಮಗಳ ಮೇಲೆ ಅನುಮಾನ ಅಂತ ಅಲ್ಲ. ದಯವಿಟ್ಟು ಅಲ್ಲಿಯೇ ಜಗಳಕ್ಕೆ ನಿಲ್ಲಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಆಗದ್ದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಔಷಧಿಯಲ್ಲಿ ಹೆದರುವಂಥದ್ದೇನಿಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಮಾತ್ರೆ ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ನೋಡಿಕೊಳ್ಳುತ್ತದೆ, ಮುಟ್ಟಿನ ದಿನಗಳಲ್ಲಷ್ಟೇ ತೆಗೆದುಕೊಳ್ಳುವುದು. ಕೆಲವರಿಗೆ ಕೆಲವು ತಿಂಗಳು ಹಾರ್ಮೋನ್ ಮಾತ್ರೆ ಕೊಡುತ್ತಾರೆ. "ಅಯ್ಯೋ, ಅದು ಮಕ್ಕಳಾಗದ ಮಾತ್ರೆ, ಮುಂದೆ ಮದುವೆ ಆದಮೇಲೆ?" ಎಂದು ಅಮ್ಮಂದಿರ ಮುಖ ಸಣ್ಣದಾಗುತ್ತದೆ. ಮಾತ್ರೆ ನಿಲ್ಲಿಸಿದರೆ ಅದರ ಕೆಲಸವೂ ನಿಲ್ಲುತ್ತದೆ. ಮುಂದೆ ಮಕ್ಕಳಾಗಲು ಅಡ್ಡಿ ಇಲ್ಲ. ಆದರೆ ಪಕ್ಕದ ಮನೆಯವಳಿಗೆ ಬರೆದ ಚೀಟಿ ತೋರಿಸಿ ನೀವೇ ತರಬೇಡಿ. ಹಿಂದೆ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದವರಿಗೆ, ಕೆಲವು ಬಗೆಯ ಮೈಗ್ರೇನ್ ಇರುವವರಿಗೆ ಇವು ಆಗುವುದಿಲ್ಲ. ಹೊಟ್ಟೆನೋವಿಗೆ ಆಸ್ಪಿರಿನ್ ಕೊಡಲೇಬೇಡಿ, ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಅಶೋಕದ ತೊಗಟೆ, ಮುಟ್ಟಿದರೆ ಮುನಿ ಸೊಪ್ಪಿನ ರಸ ಎಲ್ಲ ಮನೆಯಲ್ಲಿ ನಡೆಯುತ್ತಿರುತ್ತದೆ, ನಾನು ಅದಕ್ಕೆ ವಾದಕ್ಕೆ ಹೋಗುವುದಿಲ್ಲ, ಅದನ್ನು ನಂಬಿ ವಾರಗಟ್ಟಲೆ ಕೂತರೆ ಮಾತ್ರ ಬೈಯುತ್ತೇನೆ.

ರಕ್ತ ನಿಂತರೂ ಕೆಲಸ ಮುಗಿಯುವುದಿಲ್ಲ. ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣದ ನೀಲಿ ಮಾತ್ರೆ ಒಳ್ಳೆಯದೇ, ಆದರೆ ಅದು ಇರುವುದು ರಕ್ತಹೀನತೆ ಬರದಂತೆ ತಡೆಯಲು. ಆಗಲೇ 8, 9ಕ್ಕೆ ಇಳಿದವಳಿಗೆ ಅಷ್ಟು ಸಾಲದು, ಡಾಕ್ಟರು ಹೇಳಿದಷ್ಟು ಪ್ರಮಾಣದಲ್ಲಿ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಹಿಮೋಗ್ಲೋಬಿನ್ ಏರಿದ ಮೇಲೂ ಸುಮಾರು ಮೂರು ತಿಂಗಳು. ಬೀಟ್‌ರೂಟ್ ಕೆಂಪಗಿದೆ ಎಂದ ಮಾತ್ರಕ್ಕೆ ರಕ್ತ ಆಗುವುದಿಲ್ಲ. ಕಾಫಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಮಲೆನಾಡಿನಲ್ಲಿ ಕಾಫಿ ಬಿಡಿ ಅಂದರೆ ಯಾರು ಕೇಳುತ್ತಾರೆ, ಅದಕ್ಕೆ ನಾನು ಮಾತ್ರೆಗೂ ಕಾಫಿಗೂ ಎರಡು ಗಂಟೆ ಅಂತರ ಇಡಿ ಅನ್ನುತ್ತೇನೆ. ಮಾತ್ರೆಯನ್ನು ನಿಂಬೆಹಣ್ಣಿನ ಪಾನಕದ ಜೊತೆ ನುಂಗಲಿ. ಕಕ್ಕಸು ಕಪ್ಪಗೆ ಹೋಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ.

ಬರುವಾಗ ಮುಟ್ಟು ಬಂದ ತಾರೀಕು, ನಿಂತ ತಾರೀಕು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ತೆಗೆದುಕೊಂಡ ಮಾತ್ರೆಯ ಖಾಲಿ ಶೀಟನ್ನೂ ತನ್ನಿ. ಅಜ್ಜಿಗೆ ಬಸ್ಸಿನಲ್ಲಿ ಕೂರಲು ಆಗುವುದಾದರೆ ಅವರನ್ನೂ ಕರೆತನ್ನಿ, ಯಾರ ಹೆರಿಗೆಯಲ್ಲಿ ಏನಾಗಿತ್ತು ಅನ್ನುವುದು ಅವರಿಗೇ ಸರಿಯಾಗಿ ಗೊತ್ತಿರುತ್ತದೆ. ನಾಲ್ಕು ಮಾತು ಹುಡುಗಿಯನ್ನು ಒಬ್ಬಳೇ ಕೂರಿಸಿ ಕೇಳಬೇಕು ಎಂದು ಡಾಕ್ಟರು ಹೇಳಿದರೆ, ಅಜ್ಜಿ ಅಮ್ಮ ಇಬ್ಬರೂ ಸ್ವಲ್ಪ ಹೊತ್ತು ಹೊರಗೆ ಬೆಂಚಿನ ಮೇಲೆ ಕೂತಿರಿ.