ಡ್ರಾಯಿಂಗ್ ಮಾಸ್ತರ ಕೈ ಕೆಡುತ್ತದಾ?

ಕೊಪ್ಪಳದಲ್ಲಿ ಮದುವೆ ಊಟಕ್ಕೆ ಕೂತಿರಲಿ, ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಿಂತಿರಲಿ, ಹಳೇ ಗೆಳೆಯರು ಕೇಳುವುದು ಒಂದೇ. "ಎಷ್ಟ್ ಚಂದ ಚಿತ್ರ ಬರೀತಿದ್ದಿ, ಸಾಲಿ ಮಾಸ್ತರಾಗಿ ಕೈ ಕೆಡಿಸಿಕೊಂಡೆಲ್ಲೋ!" ಮೊದಮೊದಲು ನಕ್ಕು ಸುಮ್ಮನಾಗುತ್ತಿದ್ದೆ. ಈಗ ಕೆ.ಜಿ. ಸುಬ್ರಮಣ್ಯನ್ ಅನ್ನುವ ಚಿತ್ರಕಲಾವಿದ ಮೇಷ್ಟ್ರ ಕಥೆ ಶುರು ಮಾಡುತ್ತೇನೆ. ಅರ್ಧಕ್ಕೆ ಬರುವಷ್ಟರಲ್ಲಿ ಚಹಾ ಮುಗಿದಿರುತ್ತದೆ, ಇಲ್ಲಾ ಅವರ ಬಸ್ ಬಂದಿರುತ್ತದೆ. ಅದಕ್ಕೇ ಇಲ್ಲಿ ಪೂರ್ತಿ ಬರೆದುಬಿಡುತ್ತೇನೆ.

ಅವರು ಹುಟ್ಟಿದ್ದು 1924ರಲ್ಲಿ, ಕೇರಳದ ಕೂತುಪರಂಬದಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದದ್ದು ಅರ್ಥಶಾಸ್ತ್ರ. ಕ್ವಿಟ್ ಇಂಡಿಯಾ ಚಳವಳಿಗೆ ಇಳಿದರು, ಜೈಲಿಗೆ ಹೋದರು, ಹೊರಗೆ ಬಂದಾಗ ಅವರಿಗೆ ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತ್ತು. ಹಾಗಾಗಿ 1944ರಲ್ಲಿ ಶಾಂತಿನಿಕೇತನದ ಕಲಾಭವನ ಸೇರಿದರು. ಬ್ರಿಟಿಷರು ಆ ಹುಡುಗನನ್ನು ಸುಮ್ಮನೆ ಬಿಟ್ಟಿದ್ದರೆ ಎಲ್ಲೋ ಒಂದು ಕಡೆ ಅರ್ಥಶಾಸ್ತ್ರದ ಮೇಷ್ಟ್ರಾಗಿರುತ್ತಿದ್ದರೋ ಏನೋ! ಅಂತೂ ಅಲ್ಲಿ ಸಿಕ್ಕ ಗುರುಗಳು ಎಂಥವರು ನೋಡಿ: ನಂದಲಾಲ್ ಬೋಸ್, ಬಿನೋದ್ ಬಿಹಾರಿ ಮುಖರ್ಜಿ, ರಾಮ್‌ಕಿಂಕರ್ ಬೈಜ್.

1951ರಲ್ಲಿ ಬರೋಡಾದಲ್ಲಿ ಪಾಠ ಮಾಡಲು ನಿಂತರು. ನಡುವೆ ಲಂಡನ್ನಿನ ಸ್ಲೇಡ್ ಕಲಾ ಶಾಲೆ, ಕೈಮಗ್ಗ ಮಂಡಳಿಯ ಕೆಲಸ, ನ್ಯೂಯಾರ್ಕ್ ಎಲ್ಲ ಆಯಿತು. 1980ರಲ್ಲಿ ಶಾಂತಿನಿಕೇತನಕ್ಕೇ ಮರಳಿ ಇನ್ನೊಂದು ಒಂಬತ್ತು ವರ್ಷ ಕಲಿಸಿದರು. ವಿದ್ಯಾರ್ಥಿಗಳಿಗೆ ಅವರು 'ಮಣಿದಾ', ಅಂದರೆ ಮಣಿ ಅಣ್ಣ.

ಈಗ ನನ್ನ ಗೆಳೆಯರ ಲೆಕ್ಕದಲ್ಲಿ ಇಷ್ಟು ವರ್ಷದ ಮೇಷ್ಟ್ರಗಿರಿಗೆ ಅವರ ಕೈ ಪೂರ್ತಿ ಕೆಟ್ಟಿರಬೇಕಿತ್ತು, ಅಲ್ವಾ? ಆದರೆ ಬರೋಡಾದಲ್ಲಿ ಮೇಷ್ಟ್ರಾಗಿದ್ದಾಗಲೇ, 1963ರಲ್ಲಿ, ಲಖನೌದ ರವೀಂದ್ರಾಲಯ ರಂಗಮಂದಿರದ ಗೋಡೆಗೆ ಸಾವಿರಾರು ಟೆರಾಕೋಟಾ (ಸುಟ್ಟ ಮಣ್ಣಿನ) ತುಂಡುಗಳನ್ನು ಜೋಡಿಸಿ ಟ್ಯಾಗೋರರ ನಾಟಕವೊಂದನ್ನು ಮೂಡಿಸಿದರು. 1971ರ ಬಾಂಗ್ಲಾ ಯುದ್ಧದ ಹಿಂಸೆಯನ್ನು ಮಣ್ಣಿನ ಹಲಗೆಗಳಲ್ಲಿ ಮಾಡಿದರು: ಪದಕ ತೊಟ್ಟ ಸೇನಾಪತಿಗಳು, ಪಕ್ಕದಲ್ಲಿ ಛಿದ್ರವಾದ ದೇಹಗಳು. ಆಮೇಲೆ ಗಾಜಿನ ಹಿಂಬದಿಯಲ್ಲಿ ಚಿತ್ರ, ಮಕ್ಕಳ ಪುಸ್ತಕ. ಶಾಂತಿನಿಕೇತನದ ಕಪ್ಪು ಬಿಳುಪಿನ ಕಟ್ಟಡವಂತೂ ಗೋಡೆ ತುಂಬ ಪ್ರಾಣಿ, ಪಕ್ಷಿ, ಮನುಷ್ಯರು. 2009ರಲ್ಲಿ ಅದನ್ನು ಹೊಸದಾಗಿ ಬರೆದಾಗ ಅವರಿಗೆ 85. ನನಗೆ ಐವತ್ತಕ್ಕೇ ಸ್ಟೂಲ್ ಹತ್ತಿದರೆ ಮೊಣಕಾಲು ಹಿಡಿಯುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವರ ಆಟಿಕೆಗಳು. ಬರೋಡಾ ಕಾಲೇಜಿನಲ್ಲಿ ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಕಲಾ ಜಾತ್ರೆ ಮಾಡುತ್ತಿದ್ದರು. ಅದಕ್ಕೆ ಸುಬ್ರಮಣ್ಯನ್ ಮರದ ಚೂರು, ಮಣಿ, ತೊಗಲಿನ ತುಂಡು ಇಂಥದ್ದರಲ್ಲೇ ಪ್ರಾಣಿಗಳನ್ನು ಮಾಡಿದರು. ದೊಡ್ಡ ಕಲಾವಿದ ಗೊಂಬೆ ಮಾಡುವುದಾ ಅಂತ ಅವರು ನಾಚಲಿಲ್ಲ. ಕಸುಬುದಾರ ಬೇರೆ, ಕಲಾವಿದ ಬೇರೆ ಅನ್ನುವ ಗೆರೆಯನ್ನೇ ಅವರು ಒಪ್ಪುತ್ತಿರಲಿಲ್ಲ. ಅವರ ಬಳಿ ಭಿತ್ತಿಚಿತ್ರ ಕಲಿತ ಮೃಣಾಲಿನಿ ಮುಖರ್ಜಿ ಮುಂದೆ ಹಗ್ಗ ಗಂಟು ಹಾಕಿ ಆಳೆತ್ತರದ ಶಿಲ್ಪಗಳನ್ನು ಮಾಡಿದರು. ಕಲ್ಲಲ್ಲ, ಕಂಚಲ್ಲ, ಹಗ್ಗ! ಅಂಥ ಧೈರ್ಯ ಬರಬೇಕಾದರೆ ಎದುರಿಗೆ ಗೊಂಬೆ ಮಾಡಲು ನಾಚದ ಮೇಷ್ಟ್ರು ಇರಬೇಕು ಅಂತ ನನ್ನ ಅನಿಸಿಕೆ.

ಆ ಆಟಿಕೆಗಳ ಬಗ್ಗೆ ಓದಿದಾಗ ನನಗೆ ನಾಚಿಕೆಯಾಯಿತು, ಯಾಕೆಂದರೆ ಮರದ ಗೊಂಬೆಗಳ ಕಿನ್ನಾಳ ನಮ್ಮ ಪಕ್ಕದ ಊರು. ಚಿತ್ರಗಾರರ ಮನೆಗಳಲ್ಲಿ ಇವತ್ತಿಗೂ ಹಗುರ ಮರ ಕೆತ್ತಿ, ನೆನೆಸಿ ಪುಡಿ ಮಾಡಿದ ಗೋಣಿನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಮಾಡಿ ಗೊಂಬೆಗೆ ಮೈ ಕೊಡುತ್ತಾರೆ. ಒಡವೆಯ ಉಬ್ಬು ಕೆಲಸಕ್ಕೆ ಕಲ್ಲಿನ ಪುಡಿ, ಹೊಳಪಿಗೆ ತವರದಿಂದ ಮಾಡಿದ ಲಾಜವರ ಅನ್ನುವ ಲೇಪ. ಇಷ್ಟೆಲ್ಲ ಇಲ್ಲೇ ಇದ್ದರೂ ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬಾಳೆಹಣ್ಣು, ಹೂಜಿ, ಉದಯಿಸುವ ಸೂರ್ಯ ಬರೆದು "ಹಿಂಗ ತೆಗೀರಿ" ಅಂದಿದ್ದೇನೆ. ಪರೀಕ್ಷೆ ಹತ್ತಿರ ಬಂದರೆ ಅದೂ ಇಲ್ಲ, ನನ್ನ ಪೀರಿಯಡ್ಡು ಗಣಿತಕ್ಕೆ.

ಹಾಗಂತ ಎಲ್ಲ ಹೋಲಿಕೆ ಸರಿಯಲ್ಲ. ಅವರಿಗೆ ವಿಶ್ವವಿದ್ಯಾಲಯ ಇತ್ತು, ಮಣ್ಣು ಸುಡುವ ಭಟ್ಟಿ ಇತ್ತು, ಜೊತೆಗೆ ವಾದ ಮಾಡುವ ಸಹೋದ್ಯೋಗಿಗಳಿದ್ದರು. ನನಗಿರುವುದು ಒಂದು ಡಬ್ಬಿ ಬಣ್ಣದ ಚಾಕ್‌ಪೀಸ್ ಮತ್ತು ಅರವತ್ತು ಮಕ್ಕಳು. ಆದರೂ ಗೆಳೆಯರಿಗೆ ನಿಜ ಹೇಳಬೇಕಲ್ಲ. ನನ್ನ ಕೈ ಕೆಡಿಸಿದ್ದು ಸಾಲಿ ಅಲ್ಲ. ಸಂಜೆ ಮನೆಗೆ ಬಂದು ಮೊಬೈಲ್ ಹಿಡಿದು ಕೂತದ್ದು, ಪ್ಲಾಟಿನ ಕಂತು, ಒಂದಿಷ್ಟು ಸೋಮಾರಿತನ. ಇದಕ್ಕೆಲ್ಲ ಮಕ್ಕಳ ಹೆಸರು ಹೇಳುವುದು ಸುಲಭ, ಅಷ್ಟೇ.

ಈ ವರ್ಷ ಎಂಟನೇ ಕ್ಲಾಸಿನವರ ಜೊತೆ ಕಿಟ್ಟ ಮಾಡಲು ಹೋದೆ. ಹುಣಸೆ ಬೀಜ ಸರಿಯಾಗಿ ಅರೆಯಲಿಲ್ಲ, ಅಂಟು ತೆಳ್ಳಗಾಗಿ ಆನೆಯ ಸೊಂಡಿಲು ಮರುದಿನವೇ ಬಿತ್ತು. ಒಬ್ಬ ಹುಡುಗಿ ಬಿದ್ದ ಸೊಂಡಿಲನ್ನು ಎತ್ತಿ ಕಾಲು ಅಂಟಿಸಿ ಹಾವುರಾಣಿ ಮಾಡಿಬಿಟ್ಟಳು. ಅದನ್ನು ನೋಡುತ್ತಾ ನಾನೂ ಒಂದು ಮಾಡಿದೆ. ನನ್ನದು ಅಷ್ಟು ಚೆನ್ನಾಗಿ ಬಂದಿಲ್ಲ, ಬಾಲ ಇನ್ನೂ ಒಣಗಬೇಕು.